ಅನುಮತಿ ಕೇಳಿ ದಡವೇರುವ ದ್ವೀಪಗಳು

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೆನಡಾ ದೇಶದ ಪಶ್ಚಿಮ ಕರಾವಳಿಯಿಂದಾಚೆ, ಪೆಸಿಫಿಕ್ ಮಹಾಸಾಗರದಲ್ಲಿ, ಹೈದಾ ಗ್ವಾಯ್ ಎಂಬ ದ್ವೀಪಸಮೂಹವಿದೆ. 1787ರಲ್ಲಿ ಅಲ್ಲಿಗೆ ಬಂದ ಇಂಗ್ಲಿಷ್ ನಾವಿಕನೊಬ್ಬ ತನ್ನ ಹಡಗಿನ ಹೆಸರನ್ನೇ ಆ ದ್ವೀಪಗಳಿಗೆ ಇಟ್ಟುದರಿಂದ 2010ರವರೆಗೂ ಭೂಪಟಗಳಲ್ಲಿ ಅವು ಕ್ವೀನ್ ಶಾರ್ಲೆಟ್ ದ್ವೀಪಗಳೆಂದೇ ಕಾಣಿಸಿಕೊಳ್ಳುತ್ತಿದ್ದವು. ಆ ವರ್ಷ ವಿಧ್ಯುಕ್ತವಾಗಿ ಹೈದಾ ಗ್ವಾಯ್ ಎಂಬ ಹೆಸರು ಬಂತು. ಹೈದಾ ಎಂಬುದು ಅಲ್ಲಿಯ ಮೂಲನಿವಾಸಿಗಳ ಹೆಸರು; ಹೈದಾ ಗ್ವಾಯ್ ಎಂದರೆ 'ಜನರ ದ್ವೀಪಗಳು' ಎಂದರ್ಥ. ಈ ಸಮೂಹದ ದಕ್ಷಿಣ ಭಾಗಕ್ಕೆ ಗ್ವಾಯ್ ಹಾನಸ್, ಅಂದರೆ 'ಚೆಲುವಿನ ದ್ವೀಪಗಳು', ಎಂದು ಕರೆಯುತ್ತಾರೆ. ಸುಮಾರು 1,470 ಚದರ ಕಿಲೋಮೀಟರ್ ನೆಲ, ಅದರ ಸುತ್ತ ಸುಮಾರು 3,400 ಚದರ ಕಿಲೋಮೀಟರ್ ಕಡಲು ಇಂದು ಸಂರಕ್ಷಿತವಾಗಿವೆ. ಅಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ.

ಪ್ರವಾಸೋದ್ಯಮದ ಕರಪತ್ರಗಳು ಈ ನೆಲವನ್ನು ಬಣ್ಣಿಸಲು ಸಾಮಾನ್ಯವಾಗಿ ಬಳಸುವ ಮಾತು 'ನಿರ್ಜನ ವನ್ಯದ್ವೀಪ' ಎಂಬುದು. ಪ್ರತಿವರ್ಷ ಬೇಸಿಗೆಯಲ್ಲಿ, ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಸಣ್ಣ ಸಣ್ಣ ತಂಡಗಳು ಮಾರ್ಗದರ್ಶಿಯೊಡನೆ ಕಯಾಕ್ ದೋಣಿಗಳಲ್ಲಿ ಆರು ದಿನ, ಎಂಟು ದಿನ, ಕೆಲವೊಮ್ಮೆ ಎರಡು ವಾರಗಳ ಕಾಲ ಈ ದ್ವೀಪಗಳನ್ನು ಸುತ್ತುತ್ತ, ರಾತ್ರಿ ದಂಡೆಯ ಮೇಲೆ ಬಿಡಾರ ಹೂಡುತ್ತವೆ. ಈ ಯಾತ್ರೆ ಹೇಗೆ ನಡೆಯುತ್ತದೆ, ಆ ಕಾಡು ಇನ್ನೂ ನಿಂತಿರುವುದು ಯಾರ ದೆಸೆಯಿಂದ, 'ನಿರ್ಜನ' ಎಂಬ ಆ ಮಾತು ಎಷ್ಟು ನಿಜ ಎಂಬುದು ಇಂದಿನ ವಿಷಯ.

ಮೊದಲು ದೋಣಿಯ ಮಾತು. ಕಯಾಕ್ ಹೈದಾ ಜನರದಲ್ಲ. ಅದು ಉತ್ತರ ಧ್ರುವದ ಸುತ್ತಲಿನ ಇನ್ಯುಯಿಟ್ ಹಾಗೂ ಅಲ್ಯೂಟ್ ಜನರ ಬೇಟೆಯ ದೋಣಿ. ಕಟ್ಟಿಗೆ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡುತ್ತಿದ್ದುದು. ಹೈದಾ ಜನ ಇಡೀ ಸೀಡರ್ ಮರವನ್ನು ಕೊರೆದು ಮಾಡಿದ ದೊಡ್ಡ ಹೊಡೆದೋಣಿಗಳಲ್ಲಿ ಸಾಗರವನ್ನೇ ದಾಟುತ್ತಿದ್ದವರು. ಇಂದಿನ ಪ್ರವಾಸಿಗಳ ಕಯಾಕ್ ಫೈಬರ್ ಅಥವಾ ಪ್ಲಾಸ್ಟಿಕ್ಕಿನದು, ಐದು ಮೀಟರಿನಷ್ಟು ಉದ್ದ, ಮೊಳಕ್ಕಿಂತ ಸ್ವಲ್ಪ ಹೆಚ್ಚು ಅಗಲ. ಮೇಲ್ಭಾಗ ಮುಚ್ಚಿರುತ್ತದೆ. ಕುಳಿತವರ ಸೊಂಟದ ಸುತ್ತ ಲಂಗದಂಥ ಹೊದಿಕೆಯೊಂದು ದೋಣಿಯ ಬಾಯಿಗೆ ಬಿಗಿಯಾಗಿ ಕೂರುವುದರಿಂದ ಅಲೆಯ ನೀರು ಒಳನುಗ್ಗುವುದಿಲ್ಲ. ಹಿಂದೆ, ಮುಂದೆ ಇರುವ ಮುಚ್ಚಿದ ಗೂಡುಗಳಲ್ಲಿ ಡೇರೆ, ಅಕ್ಕಿ-ಬೇಳೆ, ಒಲೆ, ಬಟ್ಟೆಗಳನ್ನು ತುಂಬುತ್ತಾರೆ. ಎಂಜಿನ್ ಇಲ್ಲ, ಎರಡೂ ತುದಿಯಲ್ಲಿ ಅಲಗಿರುವ ಒಂದು ಹುಟ್ಟು ಮಾತ್ರ.

ಮಾರ್ಗದರ್ಶಿಯ ಕೆಲಸ ದಾರಿ ತೋರಿಸುವುದು ಎಂದು ತಿಳಿದರೆ ಸಾಲದು. ಹವೆಯನ್ನು ಓದುವುದು ಆತನ ಮುಖ್ಯ ಕೆಲಸ. ಈ ದ್ವೀಪಗಳಿಗೂ ಮುಖ್ಯ ಭೂಮಿಗೂ ನಡುವಿನ ಹೆಕೇಟ್ ಜಲಸಂಧಿ ಆಳ ಕಡಿಮೆಯಿರುವ ಕಡಲು. ಗಾಳಿ ಎದ್ದರೆ ಅಲ್ಪ ಕಾಲದಲ್ಲೇ ಕಡಿದಾದ ಅಲೆಗಳು ಏಳುತ್ತವೆ. ಬೇಸಿಗೆಯಲ್ಲೂ ನೀರು ಎಷ್ಟು ತಣ್ಣಗಿರುತ್ತದೆಂದರೆ ಮಗುಚಿ ಬಿದ್ದವನ ಕೈಬೆರಳು ಕೆಲವೇ ನಿಮಿಷಗಳಲ್ಲಿ ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಬೆಳಗಿನ ರೇಡಿಯೋ ಹವಾಮಾನ ವರದಿ ಕೇಳದೆ ದೋಣಿ ನೀರಿಗಿಳಿಯುವುದಿಲ್ಲ. ಸಾಮಾನ್ಯವಾಗಿ ಗಾಳಿ ಮಧ್ಯಾಹ್ನ ಬಲಿಯುವುದರಿಂದ ನಸುಕಿನಲ್ಲೇ ಹೊರಡುತ್ತಾರೆ. ದಿನಕ್ಕೆ ಹತ್ತು-ಹದಿನೈದು ಕಿಲೋಮೀಟರ್ ಸಾಗಿದರೆ ಬಹಳವಾಯಿತು. ಗಾಳಿ ಬಿಡದಿದ್ದರೆ ಒಂದೇ ದಂಡೆಯಲ್ಲಿ ಎರಡು ದಿನ ಕೂತಿರಬೇಕಾಗುತ್ತದೆ. ಹಣ ಕೊಟ್ಟು ಬಂದ ಪ್ರವಾಸಿಗೆ 'ಇಂದು ಹೊರಡುವಂತಿಲ್ಲ' ಎಂದು ಹೇಳಬಲ್ಲವನೇ ಒಳ್ಳೆಯ ಮಾರ್ಗದರ್ಶಿ.

ಎರಡನೆಯದು ಉಬ್ಬರವಿಳಿತ. ಕಾರವಾರದ ತೀರದಲ್ಲಿ ಕಡಲಿನ ಏರಿಳಿತ ಎರಡು ಮೀಟರಿನ ಆಸುಪಾಸಿನದು. ಹೈದಾ ಗ್ವಾಯ್ ದ್ವೀಪಗಳ ಪೂರ್ವ ತೀರದಲ್ಲಿ, ಸ್ಕಿಡಗೇಟ್ ಊರಿನ ಸುತ್ತ, ಹುಣ್ಣಿಮೆ-ಅಮಾವಾಸ್ಯೆಗಳ ವೇಳೆ ಅದು ಏಳು ಮೀಟರಿನ ಹತ್ತಿರ ಬರುತ್ತದೆ. ಮಲೆನಾಡಿನ ಎರಡಂತಸ್ತಿನ ಮನೆಯೊಂದು ದಿನಕ್ಕೆ ಎರಡು ಬಾರಿ ಮುಳುಗಿ ಎರಡು ಬಾರಿ ಮೇಲೆದ್ದಂತೆ ಎಂದು ಊಹಿಸಿಕೊಳ್ಳಬಹುದು. ಸಂಜೆ ದಂಡೆಗೆ ಎಳೆದಿಟ್ಟ ದೋಣಿ ನಡುರಾತ್ರಿಯಲ್ಲಿ ತೇಲಿ ಹೋಗದಿರಬೇಕಾದರೆ, ದಣಿದ ಮೈಯಲ್ಲೇ ಎಲ್ಲರೂ ಸೇರಿ ಅದನ್ನು ಉಬ್ಬರದ ಗೆರೆಯಿಂದ ಮೇಲಕ್ಕೆ, ಮರದ ಬೇರಿನವರೆಗೆ ಹೊರಬೇಕು.

ಬರ್ನಬಿ ಎಂಬ ದ್ವೀಪದ ಬಳಿ ಕಡಲು ಕೆಲವೇ ಹತ್ತು ಮೀಟರುಗಳ ಕಾಲುವೆಯಾಗಿ ಕಿರಿದಾಗುತ್ತದೆ. ಉಬ್ಬರವಿಳಿತದ ನೀರು ಆಹಾರವನ್ನು ಹೊತ್ತು ದಿನವೂ ಅದರ ಮೂಲಕ ಹರಿಯುವುದರಿಂದ ಅಲ್ಲಿಯ ನೆಲದ ಮೇಲೆ ಜೀವಿಗಳು ಒಂದರ ಮೇಲೊಂದು ತುಂಬಿಕೊಂಡಿವೆ: ಕೆಂಪು, ಕಿತ್ತಳೆ, ನೇರಳೆ ಬಣ್ಣದ ನಕ್ಷತ್ರಮೀನುಗಳು, ಏಡಿ, ಚಿಪ್ಪುಜೀವಿ, ಕಡಲಹೂ. ತಳಕ್ಕೆ ತಾಗದಂತೆ ಉಬ್ಬರದಲ್ಲಿ ತೇಲಿಯೇ ಅದನ್ನು ದಾಟಬೇಕು. ಇಳಿತದಲ್ಲಿ ಕಾಲಿಟ್ಟರೆ ಒಂದು ಹೆಜ್ಜೆಗೆ ಹತ್ತು ಜೀವ. ಹುಟ್ಟನ್ನು ನಿಲ್ಲಿಸಿ, ದೋಣಿ ಹರಿವಿನೊಡನೆ ತಾನಾಗಿ ಸಾಗುವಾಗ ಬಗ್ಗಿ ನೋಡುವುದಷ್ಟೇ ಪ್ರವಾಸಿಗೆ ಉಳಿದ ಕೆಲಸ.

ಬಿಡಾರದ ನಿಯಮಗಳೂ ಇದೇ ಬಗೆಯವು. ಗ್ವಾಯ್ ಹಾನಸ್‌ನಲ್ಲಿ ಗುರುತು ಹಾಕಿದ ಬಿಡಾರದ ತಾಣಗಳಿಲ್ಲ, ಶೌಚಾಲಯಗಳ ಸಾಲಿಲ್ಲ, ಫಲಕಗಳಿಲ್ಲ. ಬೆಂಕಿ ಹೊತ್ತಿಸುವುದಾದರೆ ಉಬ್ಬರದ ಗೆರೆಯ ಕೆಳಗೆ, ಕಡಲು ತಂದೆಸೆದ ಕಟ್ಟಿಗೆಯಿಂದ; ಮರುದಿನದ ಉಬ್ಬರ ಬೂದಿಯನ್ನು ತೊಳೆದೊಯ್ಯುತ್ತದೆ. ಕಸವೆಲ್ಲ ಬಂದ ದೋಣಿಯಲ್ಲೇ ಹಿಂದಿರುಗಬೇಕು. ಯಾತ್ರೆಗೆ ಮುನ್ನ ಪ್ರತಿಯೊಬ್ಬರೂ ತಿಳಿವಳಿಕೆಯ ತರಗತಿಯೊಂದಕ್ಕೆ ಕಡ್ಡಾಯವಾಗಿ ಕೂರಬೇಕು. ಒಂದು ತಂಡದಲ್ಲಿ ಹನ್ನೆರಡು ಜನರಿಗಿಂತ ಹೆಚ್ಚು ಇರುವಂತಿಲ್ಲ.

ಇವೆಲ್ಲ ಶಿಷ್ಟಾಚಾರದ ಮಾತೆನಿಸಬಹುದು. ಏನ್ಶಂಟ್ ಮರೆಲೆಟ್ ಎಂಬ ಸಣ್ಣ ಕಡಲಹಕ್ಕಿಯ ವಿಚಾರ ತಿಳಿದರೆ ಹಾಗೆನ್ನಿಸದು. ಪ್ರಪಂಚದಲ್ಲಿರುವ ಈ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟು ಹೈದಾ ಗ್ವಾಯ್‌ನ ಕಾಡಿನಲ್ಲಿ ಮರದ ಬೇರುಗಳ ನಡುವೆ ಬಿಲ ತೋಡಿ ಮೊಟ್ಟೆಯಿಡುತ್ತವೆ. ಮರಿ ಹೊರಬಂದು ಎರಡೇ ದಿನವಾಗಿರುತ್ತದೆ, ಇನ್ನೂ ಒಂದು ತುತ್ತನ್ನೂ ಉಂಡಿರುವುದಿಲ್ಲ. ಆಗ ಒಂದು ರಾತ್ರಿ ತಾಯ್ತಂದೆಗಳು ಕಡಲಿಗೆ ಹಾರಿ ಅಲ್ಲಿಂದ ಕರೆಯುತ್ತವೆ. ಹಾರಲು ಬಾರದ ಮರಿಗಳು ಕತ್ತಲೆಯಲ್ಲಿ ಬೇರು, ಬಂಡೆ, ಬಿದ್ದ ದಿಮ್ಮಿಗಳನ್ನು ದಾಟಿ ಆ ಕೂಗಿನತ್ತ ಓಡುತ್ತವೆ, ಅಲೆಗೆ ಧುಮುಕುತ್ತವೆ, ತಮ್ಮವರನ್ನು ಸೇರಿ ಅದೇ ರಾತ್ರಿ ತೀರದಿಂದ ದೂರ ಈಜುತ್ತವೆ. ದಾರಿಯಲ್ಲಿ ಬೆಂಕಿಯೋ ಬ್ಯಾಟರಿ ದೀಪವೋ ಕಂಡರೆ ಮರಿಗಳು ಬೆಳಕಿನತ್ತ ತಿರುಗಿಬಿಡುತ್ತವೆ. ತಾಯಿಯ ಕೂಗು ತಪ್ಪಿದರೆ ಮರಿ ಉಳಿಯುವುದಿಲ್ಲ. ಹಡಗುಗಳೊಡನೆ ಬಂದ ಇಲಿಗಳು ಈ ಹಕ್ಕಿಯ ಹಲವು ನೆಲೆಗಳನ್ನು ಈಗಾಗಲೇ ಬರಿದು ಮಾಡಿವೆ. ಅವನ್ನು ಕೆಲವು ದ್ವೀಪಗಳಿಂದ ತೊಲಗಿಸುವ ಕೆಲಸ ನಡೆದಿದೆ. ಡೇರೆಯನ್ನು ಎಲ್ಲಿ ಹೂಡಬೇಕು, ದೀಪವನ್ನು ಯಾವಾಗ ಆರಿಸಬೇಕು ಎಂಬುದು ಹೀಗೆ ಜೀವ-ಸಾವಿನ ಲೆಕ್ಕವಾಗುತ್ತದೆ.

ಈಗ ಕಾಡಿನ ಕಡೆ ಬರಬಹುದು. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ಕೆಂಪು ಸೀಡರ್: ಇವು ಅಲ್ಲಿಯ ಹೆಮ್ಮರಗಳು. ಮಳೆ, ಮಂಜು, ಹಾವಸೆ ಇವುಗಳಲ್ಲಿ ಆ ಕಾಡು ಮಲೆನಾಡಿನವರಿಗೆ ಅಪರಿಚಿತವೆನಿಸದು. ಆದರೆ ಅದರ ಗೊಬ್ಬರದ ಒಂದು ಪಾಲು ಬರುವುದು ಕಡಲಿನಿಂದ. ಬ್ಯಾಗ್ ಹಾರ್ಬರ್ ಎಂಬ ಕೊಲ್ಲಿಯಲ್ಲಿ 1990ರ ದಶಕದಲ್ಲಿ ಜೀವವಿಜ್ಞಾನಿ ಟಾಮ್ ರೈಮ್ಕೆನ್ ರಾತ್ರಿಯಿಡೀ ಕುಳಿತು ಕಪ್ಪು ಕರಡಿಗಳನ್ನು ಗಮನಿಸಿದರು. ಮೊಟ್ಟೆಯಿಡಲೆಂದು ಹಳ್ಳವೇರುವ ಸಾಲ್ಮನ್ ಮೀನುಗಳನ್ನು ಕರಡಿಗಳು ಹಿಡಿದು, ನೆಮ್ಮದಿಯಾಗಿ ತಿನ್ನಲು ಕಾಡಿನೊಳಕ್ಕೆ ಒಯ್ಯುತ್ತಿದ್ದವು. ಒಂದೊಂದು ಕರಡಿ ಒಂದು ಋತುವಿನಲ್ಲಿ ಸುಮಾರು 700 ಮೀನುಗಳನ್ನು ಹೀಗೆ ಸಾಗಿಸುತ್ತಿತ್ತು. ರುಚಿಯಾದ ಭಾಗ ತಿಂದು ಬಿಟ್ಟದ್ದು ಕಾಗೆಗೆ, ಹುಳಕ್ಕೆ, ಕೊನೆಗೆ ಬೇರಿಗೆ. ಸಾಗರದ ಸಾರಜನಕಕ್ಕೆ ಅದರದೇ ಆದ ಗುರುತುಂಟು. ಆ ಗುರುತು ಹಳ್ಳದ ಬದಿಯ ಹೆಮ್ಮರಗಳ ಕಾಂಡದಲ್ಲಿ ಸಿಕ್ಕಿತು. ಹಳ್ಳದ ಮೇಲಿನ ಮರ ಕಡಿದರೆ ಹಳ್ಳಕ್ಕೆ ಮಣ್ಣು ತುಂಬಿ ಮೀನು ಇಲ್ಲವಾಗುತ್ತದೆ. ಮೀನು ಇಲ್ಲವಾದರೆ ಮರಕ್ಕೆ ಗೊಬ್ಬರವಿಲ್ಲ. ಅಲ್ಲಿ ಅರಣ್ಯ ಇಲಾಖೆಯ ಗಡಿ, ಮೀನುಗಾರಿಕೆ ಇಲಾಖೆಯ ಗಡಿ ಎಂದು ಗೆರೆ ಎಳೆದವರಿಗೆ ಕರಡಿ ಪಾಠ ಕಲಿಸಿತು.

ಇನ್ನೊಂದು ಸಂಗತಿಯನ್ನು ಕರಪತ್ರಗಳು ಹೇಳುವುದಿಲ್ಲ. ದಂಡೆಯಿಂದ ಒಳಗೆ ಕಾಲಿಟ್ಟ ಪ್ರವಾಸಿ, ಪೊದೆಗಳಿಲ್ಲದ, ಹಸಿರು ಹಾವಸೆ ಹಾಸಿದ ವಿಶಾಲ ನೆಲವನ್ನು ನೋಡಿ 'ಮನುಷ್ಯನ ಕೈ ಸೋಕದ ಆದಿಮ ಕಾಡು' ಎಂದು ಬೆರಗಾಗುತ್ತಾನೆ. ವಸ್ತುಸ್ಥಿತಿ ಬೇರೆಯೇ. 19ನೆಯ ಶತಮಾನದ ಕೊನೆಯಲ್ಲೂ 20ನೆಯ ಶತಮಾನದ ಆರಂಭದಲ್ಲೂ ಬೇಟೆಗಾಗಿ ಹೊರಗಿನಿಂದ ಜಿಂಕೆಗಳನ್ನು ತಂದು ಬಿಡಲಾಯಿತು. ತೋಳಗಳಿಲ್ಲದ ಆ ದ್ವೀಪಗಳಲ್ಲಿ ಅವು ಮಿತಿಮೀರಿ ಹೆಚ್ಚಿ, ಪೊದೆ, ಹಣ್ಣಿನ ಗಿಡ, ಔಷಧೀಯ ಸಸ್ಯ, ಸೀಡರ್ ಸಸಿ ಎಲ್ಲವನ್ನೂ ಮೇಯ್ದವು. ಪ್ರವಾಸಿ ಮೆಚ್ಚಿದ ಆ ಚೆಲುವು ಮೇದು ಬರಿದಾದ ಕಾಡಿನ ಚೆಲುವು. 2017ರಿಂದ ರಾಮ್ಸೆ ಮತ್ತು ಸುತ್ತಲಿನ ದ್ವೀಪಗಳಲ್ಲಿ ಜಿಂಕೆಗಳನ್ನು ತೆಗೆಯುವ ಕಠಿಣ ಕೆಲಸವನ್ನು ಕೈಗೊಳ್ಳಲಾಯಿತು.

ಇಷ್ಟಾದರೂ ಆ ಹೆಮ್ಮರಗಳು ನಿಂತಿವೆ. ಅದರ ಹಿಂದಿನ ಕಥೆ ಒಂದು ಕಯಾಕ್ ಯಾತ್ರೆಗೂ ತಳುಕು ಹಾಕಿಕೊಂಡಿದೆ. ಥಾಮ್ ಹೆನ್ಲಿ ಎಂಬ ಅಮೆರಿಕದ ತರುಣ ಅಲೆಮಾರಿ 1970ರ ದಶಕದ ಆರಂಭದಲ್ಲಿ ಈ ದ್ವೀಪಗಳ ನಡುವೆ ಕಯಾಕ್‌ನಲ್ಲಿ ಸುತ್ತಿದ್ದ. 1974ರಲ್ಲಿ ಆತ ಗುಜಾವ್ ಎಂಬ ಹೈದಾ ಯುವಕನನ್ನು ಭೇಟಿಯಾದ. ಅದೇ ವೇಳೆ ನಾಟಾ ಕಂಪನಿಯ ಗರಗಸ ದಕ್ಷಿಣದ ದ್ವೀಪಗಳತ್ತ ಬರಲು ಸಜ್ಜಾಗಿತ್ತು. ಇಬ್ಬರೂ ಭೂಪಟ ಹರಡಿ, ಗುಡ್ಡಗಳ ನೆತ್ತಿಯನ್ನನುಸರಿಸಿ ಒಂದು ಗೆರೆ ಎಳೆದರು: ಇದರ ದಕ್ಷಿಣಕ್ಕೆ ಮರ ಕಡಿಯಬಾರದು. ಇಂದಿನ ಸಂರಕ್ಷಿತ ಪ್ರದೇಶದ ಉತ್ತರದ ಗಡಿ ಹೆಚ್ಚುಕಡಿಮೆ ಆ ಗೆರೆಯೇ. ಗೆರೆ ಎಳೆಯುವುದಕ್ಕೆ ಒಂದು ಸಂಜೆ ಸಾಕಾಯಿತು. ಅದನ್ನು ಒಪ್ಪಿಸಲು ಹದಿಮೂರು ವರ್ಷ ಹಿಡಿಯಿತು.

ಅರ್ಜಿ, ಸಮಿತಿ, ವರದಿ, ನ್ಯಾಯಾಲಯ ಎಲ್ಲ ಆದವು. ವರದಿಗಳು ಬರೆಯಲ್ಪಡುತ್ತಿದ್ದಂತೆಯೇ ಲಾಯಲ್ ದ್ವೀಪದಲ್ಲಿ ಮರಗಳು ಉರುಳುತ್ತಿದ್ದವು. ಇದು ಯಾವ ದೇಶದ ಅರಣ್ಯ ಹೋರಾಟಕ್ಕೂ ಹೊಸದಲ್ಲ. 1985ರಲ್ಲಿ ಹೈದಾ ಜನ ಯಾರ ಅಪ್ಪಣೆಗೂ ಕಾಯದೆ ಗ್ವಾಯ್ ಹಾನಸ್ ತಮ್ಮ ಪರಂಪರೆಯ ತಾಣವೆಂದು ತಾವೇ ಘೋಷಿಸಿದರು. ಅಕ್ಟೋಬರಿನಲ್ಲಿ ಲಾಯಲ್ ದ್ವೀಪಕ್ಕೆ ಹೋಗಿ ನಾಟಾ ಸಾಗಿಸುವ ರಸ್ತೆಯಲ್ಲಿ ಕುಳಿತರು. ಮಲೆನಾಡಿನ ಕಾಲಗಣನೆಯಲ್ಲಿ ಹೇಳುವುದಾದರೆ, ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡ ಎರಡು ವರ್ಷಗಳ ಅನಂತರದ ಮಾತು ಇದು.

ತರುಣರು ಮುಂದೆ ನಿಲ್ಲುವುದೆಂದು ಯೋಜನೆಯಾಗಿತ್ತು. ಆದರೆ ಹಿರಿಯರು, ಅವರಲ್ಲಿ ಅಜ್ಜಿಯರೂ ಇದ್ದರು, ತಾವೇ ಮೊದಲು ಬಂಧನಕ್ಕೊಳಗಾಗುವುದಾಗಿ ಹಟ ಹಿಡಿದರು. ಎಥೆಲ್ ಜೋನ್ಸ್, ಏಡಾ ಯೊವಾನೊವಿಚ್, ವಾಟ್ಸನ್ ಪ್ರೈಸ್ ಸಾಂಪ್ರದಾಯಿಕ ಹೊದಿಕೆ ಹೊದ್ದು ಕುಳಿತರು. ಬಂಧಿಸಲು ಬಂದ ಪೊಲೀಸರಲ್ಲಿ ಹೈದಾ ಕುಲದ ಯುವಕನೇ ಒಬ್ಬನಿದ್ದ. ತನ್ನ ಹಿರಿಯರ ತೋಳು ಹಿಡಿದು ನಡೆಸಿಕೊಂಡು ಹೋಗುವ ಸರದಿ ಅವನಿಗೆ ಬಂತು. ಒಟ್ಟು 72 ಮಂದಿ ಬಂಧಿತರಾದರು. ಮುದುಕಿಯರನ್ನು ಪೊಲೀಸರು ಕರೆದೊಯ್ಯುವ ಚಿತ್ರವನ್ನು ಕೆನಡಾದ ಮನೆಮನೆಗಳು ದೂರದರ್ಶನದಲ್ಲಿ ಕಂಡವು.

1987ರ ಜುಲೈನಲ್ಲಿ ಕೆನಡಾ ಸರ್ಕಾರ ಹಾಗೂ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಕಡಿತ ನಿಲ್ಲಿಸಿ ರಾಷ್ಟ್ರೀಯ ಉದ್ಯಾನ ಮಾಡಲು ಒಪ್ಪಿದವು. ಅದೇ ವೇಳೆಗೆ, ಶಿಲ್ಪಿ ಬಿಲ್ ರೀಡ್ ನೇತೃತ್ವದಲ್ಲಿ ಒಂದೇ ಸೀಡರ್ ಮರದಿಂದ ಕೆತ್ತಿದ 'ಲೂ ತಾಸ್' ಎಂಬ ಐವತ್ತು ಅಡಿಯ ದೋಣಿಯನ್ನು ಹೈದಾ ಯುವಜನ ವ್ಯಾಂಕೂವರಿನಿಂದ ಹುಟ್ಟು ಹಾಕುತ್ತ ತಮ್ಮ ದ್ವೀಪಕ್ಕೆ ತಂದರು. ಲೂ ತಾಸ್ ಎಂದರೆ ಅಲೆಗಳನ್ನು ನುಂಗುವವ. 1998ರಲ್ಲಿ ಬಿಲ್ ರೀಡ್ ತೀರಿಕೊಂಡಾಗ ಅವರ ಚಿತಾಭಸ್ಮ ಇದೇ ದೋಣಿಯಲ್ಲಿ ಅವರ ತಾಯಿಯ ಮೂಲದ ತಾನು ಗ್ರಾಮಕ್ಕೆ ಹೋಯಿತು.

ಉದ್ಯಾನದ ಒಪ್ಪಂದ ಸರ್ಕಾರಗಳ ನಡುವೆಯಾಯಿತೇ ಹೊರತು ಹೈದಾ ಜನರೊಡನೆ ಆಗಿರಲಿಲ್ಲ. ಕಂಪನಿಯ ಕೈಯಿಂದ ಉದ್ಯಾನದ ಇಲಾಖೆಯ ಕೈಗೆ ಕಾಡು ದಾಟಿದರೆ ಊರವರಿಗೆ ದಕ್ಕಿದ್ದೇನು ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಆರು ವರ್ಷಗಳ ಹಗ್ಗಜಗ್ಗಾಟದ ಅನಂತರ 1993ರ ಜನವರಿಯಲ್ಲಿ ಬಂದ ಗ್ವಾಯ್ ಹಾನಸ್ ಒಪ್ಪಂದದ ಪ್ರತಿ ವಿದ್ಯಾರ್ಥಿಗಳು ಓದಲೇಬೇಕಾದ ಕಾಗದ. ಅದರ ಆರಂಭದಲ್ಲಿ ಎರಡು ಅಂಕಣಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ, ಈ ನೆಲ-ಕಡಲು ತಲೆತಲಾಂತರದಿಂದ ಹೈದಾ ಜನರದು ಎಂದಿದೆ. ಇನ್ನೊಂದರಲ್ಲಿ, ಇದು ಕೆನಡಾ ಪ್ರಭುತ್ವದ್ದು ಎಂದಿದೆ. ಒಡೆತನದ ಬಗ್ಗೆ ಒಮ್ಮತವಿಲ್ಲವೆಂಬುದನ್ನು ಒಪ್ಪಿಕೊಂಡೇ, ರಕ್ಷಣೆಯ ಬಗ್ಗೆ ಒಮ್ಮತವಿದೆಯೆಂದು ಎರಡೂ ಪಕ್ಷ ಸಹಿ ಹಾಕಿದವು. ಎರಡೂ ಕಡೆಯ ಸಮಸಂಖ್ಯೆಯ ಸದಸ್ಯರಿರುವ ಮಂಡಳಿ ಅಂದಿನಿಂದ ಆಡಳಿತ ನಡೆಸುತ್ತಿದೆ. ಹಕ್ಕಿನ ತಕರಾರು ಮುಗಿಯುವವರೆಗೆ ಕಾಡು ಕಾಯಲಾಗದು ಎಂಬ ತಿಳಿವಳಿಕೆ ಇದರ ಹಿಂದಿದೆ. 2010ರಲ್ಲಿ ಸುತ್ತಲಿನ ಕಡಲೂ ಇದೇ ಮಂಡಳಿಯ ಕೈಗೆ ಬಂತು.

ನಷ್ಟವೇ ಇಲ್ಲದ ಗೆಲುವು ಇದು ಎನ್ನಲಾಗದು. ನಾಟಾ ಕೆಲಸವನ್ನೇ ನಂಬಿದ್ದ ಸ್ಯಾಂಡ್‌ಸ್ಪಿಟ್ ಊರಿನ ಕುಟುಂಬಗಳು ಪೆಟ್ಟು ತಿಂದವು. ಪರಿಹಾರವಾಗಿ ಕೆನಡಾ ಘೋಷಿಸಿದ 10.6 ಕೋಟಿ ಡಾಲರಿನಲ್ಲಿ ಸ್ಥಳೀಯ ಅಭಿವೃದ್ಧಿಯ ನಿಧಿಯೊಂದು ಹುಟ್ಟಿತು. ಆದರೆ ವರ್ಷವಿಡೀ ನಡೆಯುತ್ತಿದ್ದ ಗರಗಸದ ಕೂಲಿಯನ್ನು ನಾಲ್ಕು ತಿಂಗಳ ಪ್ರವಾಸೋದ್ಯಮ ತುಂಬಿಕೊಡುತ್ತದೆ ಎಂಬ ಭರವಸೆ ಅತಿಯಾದದ್ದೇ. ಕಯಾಕ್ ಯಾತ್ರೆಗೆ ಒಬ್ಬರಿಗೆ ಹಲವು ಸಾವಿರ ಡಾಲರ್ ಖರ್ಚು. ಸದ್ದಿಲ್ಲದ ದೋಣಿಯಲ್ಲಿ ಕೂರಲು ಜನ ಸಾವಿರಾರು ಕಿಲೋಮೀಟರ್ ವಿಮಾನದ ಹೊಗೆ ಉಗುಳಿಸಿ ಬರುತ್ತಾರೆ. ಇಂಥ ಯಾತ್ರೆಯನ್ನು 'ಪರಿಸರಸ್ನೇಹಿ' ಎಂದು ಕರೆಯುವಾಗ ಈ ಲೆಕ್ಕವನ್ನೂ ಬರೆದಿಡುವುದು ನ್ಯಾಯ.

ಇನ್ನು 'ನಿರ್ಜನ' ಎಂಬ ಪದ. 1862ರಲ್ಲಿ ವಿಕ್ಟೋರಿಯಾ ಪಟ್ಟಣದಿಂದ ಸಿಡುಬು ಈ ಕರಾವಳಿಗೆ ಹಬ್ಬಿತು. ಹತ್ತು ಸಾವಿರಕ್ಕೂ ಮಿಕ್ಕಿದ್ದ ಹೈದಾ ಜನಸಂಖ್ಯೆ ಆ ಶತಮಾನದ ಕೊನೆಯ ಹೊತ್ತಿಗೆ ಆರುನೂರರ ಆಸುಪಾಸಿಗೆ ಕುಸಿಯಿತು. ದಕ್ಷಿಣದ ಗ್ರಾಮಗಳಲ್ಲಿ ಅಳಿದುಳಿದವರು ಮನೆ, ಕಂಬ, ಸಮಾಧಿಗಳನ್ನು ಬಿಟ್ಟು ಉತ್ತರದ ಎರಡು ಊರುಗಳಲ್ಲಿ ಒಟ್ಟುಗೂಡಿದರು. ಪ್ರವಾಸಿಯ ಕಣ್ಣಿಗೆ ಕಾಣುವ ಮೌನ ಆ ಸಾವಿನ ಮೌನ.

ಈ ಬಿಟ್ಟುಹೋದ ಗ್ರಾಮಗಳಿಗೆ ಕಾವಲುಗಾರರಿದ್ದಾರೆ. 1980ರ ದಶಕದ ಆರಂಭದಿಂದ ಹೈದಾ ಕುಟುಂಬಗಳ ಜನ, ಮುದುಕರೂ ಮೊಮ್ಮಕ್ಕಳೂ, ಬೇಸಿಗೆಯಿಡೀ ಅಲ್ಲಿಯ ಸಣ್ಣ ಮನೆಗಳಲ್ಲಿ ವಾಸವಿರುತ್ತಾರೆ. ಕೆತ್ತನೆಯ ಕಂಬಗಳ ತುದಿಯಲ್ಲಿ ಎತ್ತರದ ಟೋಪಿ ಧರಿಸಿ ಕುಳಿತ ಮೂರು ಮನುಷ್ಯಾಕೃತಿಗಳಿರುವುದುಂಟು. ಅಪಾಯ ಬಂದರೆ ಊರಿಗೆ ಎಚ್ಚರಿಕೆ ಕೊಡುವವರು ಅವರು. ಕಾವಲುಗಾರರ ಪದ್ಧತಿಗೆ ಹೆಸರು ಬಂದದ್ದು ಆ ಆಕೃತಿಗಳಿಂದ. ಕಯಾಕ್ ತಂಡ ದಡಕ್ಕೆ ಬರುವ ಮುನ್ನ ರೇಡಿಯೋದಲ್ಲಿ ಕರೆದು ಅಪ್ಪಣೆ ಪಡೆಯಬೇಕು. ಒಮ್ಮೆಗೆ ಹನ್ನೆರಡು ಜನರಿಗಷ್ಟೇ ಪ್ರವೇಶ. ಬಿಳಿಯ ಚಿಪ್ಪುಗಳನ್ನು ಸಾಲಾಗಿಟ್ಟು ಗುರುತಿಸಿದ ದಾರಿಯನ್ನು ಬಿಟ್ಟು ಕದಲುವಂತಿಲ್ಲ. ಆ ಸ್ಥಳಗಳಲ್ಲಿ ಬಿಡಾರ ನಿಷಿದ್ಧ.

ದಕ್ಷಿಣದ ತುದಿಯ ಬಳಿಯಿರುವ ಸ್ಗಾಂಗ್ ಗ್ವಾಯ್ ದ್ವೀಪದ ಗ್ರಾಮ 1981ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅಲ್ಲಿ ಸೀಡರ್ ಕಂಬಗಳು ಕಡಲಿಗೆ ಮುಖಮಾಡಿ ಇನ್ನೂ ನಿಂತಿವೆ. ಕೆಲವು ವಾಲಿವೆ, ಕೆಲವು ಬಿದ್ದು ಹಾವಸೆಯ ಕೆಳಗಿವೆ. ಅವನ್ನು ಗಾಜಿನ ಗೂಡಿನಲ್ಲಿಟ್ಟು ಶಾಶ್ವತಗೊಳಿಸಬೇಕೆಂದು ಹೈದಾ ಹಿರಿಯರು ಬಯಸಲಿಲ್ಲ. ಮಣ್ಣಿನಿಂದ ಬಂದ ಕಂಬ ತನ್ನ ಕಾಲ ಮುಗಿದಾಗ ಮಣ್ಣಿಗೆ ಹೋಗಲಿ ಎಂಬುದು ಅವರ ನಿಲುವು. ಛಾಯಾಚಿತ್ರಕ್ಕಾಗಿ ದೂರದಿಂದ ಬಂದವರಿಗೆ ಇದು ಅರ್ಥವಾಗಲು ಕೊಂಚ ಹೊತ್ತು ಹಿಡಿಯುತ್ತದೆ. ಹಳೆಯ ಕಂಬಗಳು ಮಣ್ಣಾಗುತ್ತಿರುವ ಈ ಹೊತ್ತಿಗೇ, 2013ರ ಆಗಸ್ಟಿನಲ್ಲಿ ಲಾಯಲ್ ದ್ವೀಪದಲ್ಲಿ 42 ಅಡಿಯ ಹೊಸ ಕಂಬವೊಂದನ್ನು ನೂರಾರು ಜನ ಹಗ್ಗ ಹಿಡಿದು ನಿಲ್ಲಿಸಿದರು. ನೂರಮೂವತ್ತು ವರ್ಷಗಳಲ್ಲಿ ಆ ಪ್ರದೇಶದಲ್ಲೆದ್ದ ಮೊದಲ ಕಂಬ ಅದು. ಕೆತ್ತಿದವರು ಗುಜಾವ್‌ರ ಮಗ ಜಾಲೆನ್ ಎಡೆನ್‌ಶಾ. ತೋಳಿಗೆ ತೋಳು ಸೇರಿಸಿ ರಸ್ತೆಗಡ್ಡವಾಗಿ ನಿಂತವರ ಆಕೃತಿಗಳೂ ಅದರಲ್ಲಿವೆ.

2020ರಲ್ಲಿ ಕೊರೋನಾ ಸೋಂಕು ಹಬ್ಬಿದಾಗ ಹೈದಾ ಆಡಳಿತ ದ್ವೀಪಗಳನ್ನು ಹೊರಗಿನವರಿಗೆ ಮುಚ್ಚಿತು. ಮೀನುಬೇಟೆಯ ಮೋಜಿಗೆ ಬಂದವರನ್ನು ತಡೆಯಲು ಹೈದಾ ಮಹಿಳೆಯರು ಹಳೆಯ ಗ್ರಾಮಗಳ ನೆಲೆಗೆ ಹೋಗಿ ಬಿಡಾರ ಹೂಡಿದರು. ವ್ಯಾಪಾರಕ್ಕೆ ನಷ್ಟವಾಯಿತೆಂಬ ಗೊಣಗಾಟ ಕೇಳಿಬಂತು. ಆದರೆ 1862 ಅಲ್ಲಿ ಪುಸ್ತಕದ ಇಸವಿಯಲ್ಲ, ಅಜ್ಜಿಯರ ಬಾಯಲ್ಲಿ ಬಂದ ಇಸವಿ.

2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಹೈದಾ ಗ್ವಾಯ್‌ನ ಇಡೀ ನೆಲದ ಮೇಲೆ ಹೈದಾ ಜನರ ಮೂಲ ಒಡೆತನವನ್ನು ಒಪ್ಪಂದದ ಮೂಲಕ ಮಾನ್ಯ ಮಾಡಿತು. ಖಾಸಗಿ ಮನೆ-ಜಮೀನುಗಳನ್ನು ಇದ್ದಂತೆಯೇ ಉಳಿಸಿತು. 1993ರ ಕಾಗದದ ಎರಡು ಅಂಕಣಗಳಲ್ಲಿ ಒಂದರ ಕಡೆಗೆ ಪ್ರಾಂತ ಹೀಗೆ ಸರಿದಿದೆ. ಕಯಾಕ್ ತಂಡಗಳ ದಿನಚರಿ ಇದರಿಂದ ಹೆಚ್ಚು ಬದಲಾಗಿಲ್ಲ. ಸ್ಗಾಂಗ್ ಗ್ವಾಯ್ ಎದುರಿಗೆ ತಲುಪಿದ ತಂಡ, ಮೊದಲು ಹೋದ ಹನ್ನೆರಡು ಮಂದಿ ದಂಡೆಯಿಂದ ಮರಳುವವರೆಗೆ, ಹುಟ್ಟನ್ನು ಅಡ್ಡ ಇಟ್ಟು, ದೋಣಿಗೆ ದೋಣಿ ತಾಗಿಸಿ ನೀರಿನ ಮೇಲೆ ಕಾದಿರುತ್ತದೆ.